ಹಸುರು ಹೊಳೆಯ ಹುಸಿ ಜೀರುಂಡೆ

ಅಮೆರಿಕದ ಯೂಟಾ ಸಂಸ್ಥಾನದ ಈಶಾನ್ಯ ಮೂಲೆಯಲ್ಲಿ ಕೆಂಬಂಡೆಗಳ ಕಮರಿಯೊಂದುಂಟು. 1869ರಲ್ಲಿ ದೋಣಿಯೇರಿ ಗ್ರೀನ್ ನದಿಯಲ್ಲಿ ಬಂದ ಜಾನ್ ವೆಸ್ಲಿ ಪವೆಲ್, ಬಿಸಿಲಿಗೆ ಉರಿಯುವಂತೆ ತೋರಿದ ಬಂಡೆಗಳನ್ನು ಕಂಡು, ಇದನ್ನು ‘ಫ್ಲೇಮಿಂಗ್ ಗಾರ್ಜ್’, ಎಂದರೆ ಉರಿಯುವ ಕಮರಿ, ಎಂದು ಕರೆದನು. 1964ರಲ್ಲಿ ಪೂರ್ಣವಾದ ಅಣೆಕಟ್ಟಿನ ಕೆಳಗೆ ನೀರು ತಿಳಿಯಾಗಿಯೂ ಬಹು ತಂಪಾಗಿಯೂ ಹರಿಯುವುದು. ಟ್ರೌಟ್ ಮೀನುಗಳಿಗೆ ಅದು ಹಿತವಾದ ಬೀಡು.

ಬೇಸಗೆಯ ಮೊದಲಲ್ಲಿ ದಡದ ಮರಗಳಲ್ಲಿ ಕಿರ್ರೆನ್ನುವ ಜೀರುಂಡೆಗಳು ಹೊಳೆಗೆ ಬೀಳುವುವು. ಮೀನುಗಳು ಮೇಲೆದ್ದು ನುಂಗುವುವು. ಇದನ್ನರಿತ ಗಾಳಗಾರರು ಫೋಮಿನಿಂದ ಹುಸಿ ಜೀರುಂಡೆಯನ್ನು ಕಟ್ಟುವರು. ಗಾಳದ ಕೊಕ್ಕೆಗೆ ದಾರ ಸುತ್ತಿ, ಕಪ್ಪು ಫೋಮಿನ ಪಟ್ಟಿಯನ್ನು ಬೆನ್ನಾಗಿ ಬಿಗಿದು, ರಬ್ಬರಿನ ಎಳೆಗಳನ್ನು ಇಬ್ಬದಿಗೂ ಕಾಲುಗಳಾಗಿ ಚಾಚಿಸುವರು. ದೂರದಿಂದ ಕಣ್ಣಿಗೆ ಬೀಳಲೆಂದು ಬೆನ್ನ ಮೇಲೊಂದು ಹೊಳೆಯುವ ಬಣ್ಣದ ತುಣುಕನ್ನಿಡುವರು. ಫೋಮಿನ ಮುಚ್ಚಿದ ಗುಳ್ಳೆಗಳಲ್ಲಿ ಗಾಳಿ ಸೆರೆಯಾಗಿರುವುದರಿಂದ ನೀರು ಒಳಹೊಗದು. ಎಷ್ಟು ಸಾರಿ ಎಸೆದರೂ ಹುಳು ತೇಲುವುದು. ಇಂತಹವುಗಳಲ್ಲಿ ಹೆಸರಾದ ‘ಚೆರ್ನೋಬಿಲ್ ಇರುವೆ’ ಹುಟ್ಟಿದುದೂ ಈ ಹೊಳೆಯಲ್ಲಿಯೇ.

ಆದರೆ ವಾಚಕರೇ, ಇಲ್ಲಿ ಮನುಷ್ಯನು ಕಟ್ಟಿದುದು ಹುಳುವೊಂದನ್ನೇ ಅಲ್ಲ. ಈ ಟ್ರೌಟ್ ಹೊಳೆಯನ್ನೂ ಅವನೇ ಕಟ್ಟಿದನು. 1962ರಲ್ಲಿ, ಅಣೆಕಟ್ಟಿನ ನೀರು ತುಂಬುವ ಮುನ್ನ, ಬೇಟೆಯ ಮೀನುಗಳಿಗೆ ಎಡೆಮಾಡಲೆಂದು ನದಿಗೆ ರೊಟಿನೋನ್ ಎಂಬ ವಿಷವನ್ನು ಬೆರೆಸಿದರು. ಅಲ್ಲಿಯೇ ಹುಟ್ಟಿ ಬೆಳೆದ ಮೀನುಗಳು ರಾಶಿರಾಶಿಯಾಗಿ ಸತ್ತವು. ಬಳಿಕ ಬಂದ ತಣ್ಣೀರು ಆ ಕುಲಗಳಿಗೆ ಒಗ್ಗಲಿಲ್ಲ. ಇಂದು ಅವುಗಳಲ್ಲಿ ಕೆಲವನ್ನು ಕಾನೂನಿನ ಬಲದಿಂದ ಕಾಪಾಡಬೇಕಾಗಿದೆ. ಹುಸಿ ಜೀರುಂಡೆಯ ಚೆಲುವನ್ನು ಮೆಚ್ಚುವವರು ಈ ಕಥೆಯನ್ನೂ ಮರೆಯದಿರುವುದು ಲೇಸು.