ಹರಿಹರದ ಹಾದಿಯಲ್ಲಿ ಒಂದು ಗುರುಋಣ

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರು. ಬಸ್ಸಿನಲ್ಲಿ ಅರ್ಧ ಗಂಟೆಗೆ ಮುಗಿಯಬಹುದಾದ ಈ ಪ್ರಯಾಣಕ್ಕೆ ನಮಗೆ ಕಳೆದ ಮಾಘಮಾಸದಲ್ಲಿ ಒಂದು ಹಗಲೇ ಹಿಡಿಯಿತು. ಕಾರಣವನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಆದರೂ ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಮುಚ್ಚುಮರೆಯೇಕೆ?

ನಾವು ಸಂಸ್ಕೃತದ ಉಪಾಧ್ಯಾಯರಾಗಿದ್ದವರು. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಹೇಳಿರುವ ವಾಙ್ಮಯ ತಪಸ್ಸಿಗೆ ವರ್ಷವರ್ಷವೂ ಅರ್ಥ ಹೇಳಿದವರು. ಇನ್ನೊಬ್ಬರ ಮನಸ್ಸನ್ನು ಕಲಕದಂತೆ ನುಡಿಯಬೇಕೆಂದು ಬೋಧಿಸುತ್ತಲೇ, ಬೆತ್ತಕ್ಕಿಂತ ತೀಕ್ಷ್ಣವಾದ ನಾಲಗೆಯನ್ನು ಸಾಕಿಕೊಂಡಿದ್ದೆವು. ನಿವೃತ್ತರಾದ ಮೇಲೆ ಕಿರಿಯ ಮಿತ್ರರೊಬ್ಬರು ಮಾರ್ಷಲ್ ರೋಸೆನ್‌ಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರ ಗ್ರಂಥವನ್ನು ತಂದುಕೊಟ್ಟರು. ಈ ಮಹನೀಯರು 1934ರಲ್ಲಿ ಜನಿಸಿ 2015ರಲ್ಲಿ ಗತಿಸಿದರು. ಬಾಲ್ಯದಲ್ಲಿ, 1943ರಲ್ಲಿ, ಡೆಟ್ರಾಯಿಟ್ ನಗರದ ವರ್ಣಗಲಭೆಯನ್ನು ಹತ್ತಿರದಿಂದ ಅನುಭವಿಸಿದವರು. ಯಹೂದ್ಯ ಹೆಸರಿನ ದೆಸೆಯಿಂದ ಶಾಲೆಯಲ್ಲಿ ಪೆಟ್ಟು ತಿಂದವರು. ತಮ್ಮ ವಿದ್ಯೆಗೆ 'ಅಹಿಂಸಾತ್ಮಕ ಸಂವಹನ'ವೆಂಬ ಹೆಸರಿಡುವಾಗ ಅಹಿಂಸೆಯೆಂಬ ಮಾತನ್ನು ಗಾಂಧೀಜಿಯವರಿಂದ ಪಡೆದರು. ಅವರು ಹುಟ್ಟಿದ ಆ 1934ರಲ್ಲಿಯೇ ಮಹಾತ್ಮರು ಹರಿಜನ ಯಾತ್ರೆಯಲ್ಲಿ ನಮ್ಮ ದಾವಣಗೆರೆ ಹರಿಹರಗಳಿಗೆ ಬಂದಿದ್ದರೆಂಬುದು ಕಾಕತಾಳೀಯವಷ್ಟೆ. ಆದರೂ ನೆನೆದಾಗ ನಮಗೆ ಸಂತೋಷವಾಗುತ್ತದೆ.

ಅವರ ಉಪದೇಶ ಸರಳ. ಕಂಡದ್ದನ್ನು ತೀರ್ಪು ಬೆರೆಸದೆ ಹೇಳುವುದು. ತನ್ನ ಭಾವವನ್ನು ತಿಳಿಸುವುದು. ಆ ಭಾವಕ್ಕೆ ಮೂಲವಾದ ಅವಶ್ಯಕತೆಯನ್ನು ಗುರುತಿಸುವುದು. ಕಡೆಗೆ ಆಜ್ಞೆಯಾಗದ ಹಾಗೆ ಕೋರುವುದು. 'ನೀನು ಸೋಮಾರಿ' ಎಂದರೆ ತೀರ್ಪು. 'ಈ ವಾರ ಮೂರು ದಿನ ನೀನು ಪಾಠ ಒಪ್ಪಿಸಲಿಲ್ಲ' ಎಂದರೆ ಕಂಡ ಮಾತು. ಮೂವತ್ತು ವರ್ಷ ನಾವು ಮೊದಲನೆಯದನ್ನೇ ಆಡಿದ್ದೆವು! ಓದುತ್ತಿದ್ದಂತೆ ಒಬ್ಬ ಹುಡುಗನ ಮುಖ ಕಣ್ಣಿಗೆ ಕಟ್ಟಿತು.

ಅವನು ಮಂಡಕ್ಕಿ ಭಟ್ಟಿಯವರ ಮನೆಯ ಹುಡುಗ. ಇನ್‌ಸ್ಪೆಕ್ಟರು ಬಂದಿದ್ದ ದಿನ ರಾಮಶಬ್ದವನ್ನು ಒಪ್ಪಿಸಲಾರದೆ ತಡವರಿಸಿದನು. "ನಿನ್ನ ತಲೆಯಲ್ಲಿರುವುದೂ ಮಂಡಕ್ಕಿಯೇ, ಊದಿದರೆ ಹಾರಿಹೋದೀತು" ಎಂದೆವು. ತರಗತಿಯೆಲ್ಲ ನಕ್ಕಿತು. ಮರುವರ್ಷ ಅವನು ಶಾಲೆಗೆ ಬರಲಿಲ್ಲ.

ದಾವಣಗೆರೆಯೆಂದರೆ ಈಗ ಎಲ್ಲರಿಗೂ ಬೆಣ್ಣೆದೋಸೆಯ ನೆನಪು. ಹಿರಿಯರಿಗೆ ಹತ್ತಿಯ ಗಿರಣಿಗಳ ನೆನಪು. ಭಟ್ಟಿಗಳ ಕಡೆಗೆ ಹೋಗುವವರು ವಿರಳ. ಹೊಗೆ ಹಿಡಿದು ಕಪ್ಪಾದ ಗೋಡೆಗಳ ನಡುವೆ ದಾರಿ ಕೇಳುತ್ತ ನಡೆದೆವು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪು ಹಚ್ಚಿ, ಕಾದ ಮರಳಿನಲ್ಲಿ ಹುರಿಯಬೇಕು. ಕೈ ಒಂದು ಕ್ಷಣ ತಡವಾದರೂ ಕರಕು. ಆ ಒಲೆಯ ಝಳದ ಮುಂದೆ ಐದು ನಿಮಿಷ ನಿಲ್ಲುವುದೂ ನಮ್ಮಿಂದಾಗಲಿಲ್ಲ. ಹಗುರವೆಂದು ನಾವು ಹಾಸ್ಯಮಾಡಿದ ವಸ್ತುವಿನ ಹಿಂದಿನ ದುಡಿಮೆಯನ್ನು ಕಂಡದ್ದು ಅದೇ ಮೊದಲು.

"ಬರ್ರಿ ಸರ, ಒಳಗ ಹೊಗಿ ಐತಿ, ಇಲ್ಲೇ ಕುಂದ್ರಿ" ಎಂದು ಅವನು ಬೆಂಚನ್ನು ಒರೆಸಿದನು. ನಾವು ಪಾಪಿಗಳೆಂದು ನಮ್ಮನ್ನೇ ಹಳಿದುಕೊಂಡು ಬಿಡೋಣವೆಂದು ಹೊರಟವರು. ಆದರೆ ಹಾಗೆ ಹಳಿದುಕೊಳ್ಳುವುದೂ ಇನ್ನೊಂದು ತೀರ್ಪೇ. ನೊಂದವನ ನೋವನ್ನು ಮೊದಲು ಕೇಳಬೇಕೆಂದು ರೋಸೆನ್‌ಬರ್ಗರು ಹೇಳುತ್ತಾರೆ. ಆ ದಿನದ ಮಾತನ್ನು ನೆನಪಿಸಿ, "ಅದನ್ನು ನೆನೆದರೆ ನನಗೆ ದುಃಖವಾಗುತ್ತದಪ್ಪ. ನಿನಗೆ ಹೇಗಾಯಿತು ಹೇಳು" ಎಂದೆವು.

ಅವನು ಬಹಳ ಹೊತ್ತು ಮಾತಾಡಲಿಲ್ಲ. "ನಮ್ಮಪ್ಪ ಅವತ್ತು ಫೀ ಕಟ್ಟಾಕ ಬಂದು ಕಿಟಕಿ ಹೊರಗ ನಿಂತಿದ್ದ ಸರ. ಕೇಳಿಸಿಕೊಂಡ. ಆಮೇಲೆ ಸಾಲಿ ಕಡೆ ಹಾಯಲಿಲ್ಲ."

ಇನ್‌ಸ್ಪೆಕ್ಟರ ಭಯದಿಂದ ಹಾಗೆಂದೆವೆಂಬ ಸಮಜಾಯಿಷಿ ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆವು. "ಅಪ್ಪನ ಎದುರಿಗೆ ನಿನ್ನ ಮರ್ಯಾದೆ ಉಳಿಯಬೇಕಾಗಿತ್ತು, ಅಲ್ಲವೆ?" ಎಂದೆವು.

"ನಂದಲ್ಲ ಸರ, ಅವನದು."

ಹೊಸ ವಿದ್ಯಾರ್ಥಿಯ ಉತ್ತರ ತಪ್ಪಾಗಿತ್ತು. ಆದರೆ ತಪ್ಪನ್ನು ತಿದ್ದಿದವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ತಂದೆ ತೀರಿಕೊಂಡು ಆರು ವರ್ಷವಾಯಿತೆಂದನು. ಕ್ಷಮಿಸಿದೆನೆಂದು ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ. ಹೊರಡುವಾಗ ಒಂದು ಚೀಲ ಬಿಸಿ ಮಂಡಕ್ಕಿ ಕಟ್ಟಿಕೊಟ್ಟನು.

ಹರಿಹರವನ್ನು ಸೇರಿದಾಗ ಮಧ್ಯಾಹ್ನ. ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ದೇವಾಲಯವಿದು. ಹರಿಯಿಂದಲೂ ಹರನಿಂದಲೂ ಸಾವಿಲ್ಲವೆಂದು ವರಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ಶರೀರವಾದರೆಂಬುದು ಸ್ಥಳಪುರಾಣ. ಬಲಗಡೆ ಹರ, ಎಡಗಡೆ ಹರಿ. ಕಡೆದ ಕಂಬಗಳ ನುಣುಪನ್ನು ವರ್ಣಿಸಿದವರು ಬಹಳ ಮಂದಿಯಿದ್ದಾರೆ. ನಮಗೆ ಅಂದು ಅದರಲ್ಲಿ ಮನಸ್ಸು ನಿಲ್ಲಲಿಲ್ಲ.

ತುಂಗಭದ್ರೆಗಿಳಿದು ಸ್ನಾನಮಾಡಿ ಗುರುವಿಗೆ ತರ್ಪಣ ಕೊಡೋಣವೆಂದು ನಿಂತೆವು. ಗೋತ್ರ ತಿಳಿಯದಿದ್ದಲ್ಲಿ ಕಾಶ್ಯಪ ಗೋತ್ರವೆಂದು ಹೇಳುವ ಸಂಪ್ರದಾಯವುಂಟು. ಕಾಶ್ಯಪಗೋತ್ರದ ಮಾರ್ಷಲ್ ಎಂಬ ನಮ್ಮ ಆಚಾರ್ಯರಿಗೆ ಎಳ್ಳುನೀರು ಬಿಟ್ಟೆವು. ಪಕ್ಕದಲ್ಲಿ ಬಟ್ಟೆ ಹಿಂಡುತ್ತಿದ್ದ ವೃದ್ಧರು ತಲೆಯೆತ್ತಿ ನೋಡಿದರು, ನೋಡಲಿ. ಗೀತೆ ಏನನ್ನು ಮಾಡೆಂದಿತೋ ಅದನ್ನು ಹೇಗೆ ಮಾಡಬೇಕೆಂದು ಈ ಮುಪ್ಪಿನಲ್ಲಿ ತೋರಿಸಿದವರು ಅವರು.

ಎರಡನೆಯ ಬೊಗಸೆಯನ್ನು ಶಿಷ್ಯನ ತಂದೆಗೆ ಬಿಡಬೇಕೆಂದು ನೀರೆತ್ತಿದೆವು. ಹೆಸರು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಹುಡುಗನ ಹೆಸರಿನೊಡನೆ ಪ್ರತಿದಿನವೂ ಕಂಡ ಹೆಸರು, ಎಷ್ಟು ಯೋಚಿಸಿದರೂ ನೆನಪಾಗಲೊಲ್ಲದು. ನೀರನ್ನು ಹೊಳೆಗೇ ಬಿಟ್ಟು, ಒದ್ದೆ ಪಂಚೆಯನ್ನು ಹಿಂಡಿಕೊಂಡು, ಅದನ್ನು ಕೇಳಿಬರಲು ಮತ್ತೆ ದಾವಣಗೆರೆಯ ಬಸ್ಸು ಹತ್ತಿದೆವು.