ವಿಶ್ವಾಮಿತ್ರಿಯ ದಂಡೆಯ ತರಗತಿ

ವಡೋದರಾದಲ್ಲಿ ಬಾಡಿಗೆ ಮನೆ ಹುಡುಕಲು ಹೊರಟರೆ ಅಡ್ವಾನ್ಸ್ ಎಷ್ಟು ಎಂಬ ಮಾತು ಬರುವುದು ಮೂರನೆಯದಾಗಿ. ಮೊದಲ ಪ್ರಶ್ನೆ ‘ವೆಜ್ಜಾ, ನಾನ್‌ವೆಜ್ಜಾ?’ ಎರಡನೆಯದು ಅಡ್ಡಹೆಸರು. ನಮ್ಮಲ್ಲಿ ಎಷ್ಟೋ ಜನರಿಗೆ ಅಡ್ಡಹೆಸರೇ ಇಲ್ಲ, ಇನಿಷಿಯಲ್ ಇರುತ್ತದೆ. ಇದು ಊರು, ಇದು ಅಪ್ಪನ ಹೆಸರು ಎಂದು ಬಿಡಿಸಿ ಹೇಳಿದರೂ ಬ್ರೋಕರ್ ‘ಅದು ಸರಿ ಬೆನ್, ಸರ್‌ನೇಮ್ ಏನು?’ ಎಂದು ಮತ್ತೆ ಅಲ್ಲಿಗೇ ಬರುತ್ತಿದ್ದ. ಅವನಿಗೆ ಬೇಕಿದ್ದದ್ದು ಜಾತಿ. ಬೆಂಗಳೂರಿನಲ್ಲಿ ‘ಓನ್ಲಿ ವೆಜ್’ ಬೋರ್ಡುಗಳನ್ನು ನೋಡಿಕೊಂಡೇ ಓಡಾಡಿದವಳಿಗೆ ಇದೇನು ಹೊಸದಲ್ಲ. ಉತ್ತರ ಕೊಡುವ ಜಾಗದಲ್ಲಿ ನಿಂತದ್ದು ಮಾತ್ರ ಹೊಸದು. ನಾಲ್ಕು ಮನೆ ಕೈತಪ್ಪಿ, ಐದನೆಯದು ಫತೇಗಂಜ್‌ನಲ್ಲಿ ಸಿಕ್ಕಿತು.

ನಾನು ಹೋದದ್ದು 2024ರ ಜೂನ್‌ನಲ್ಲಿ. ಸಾಫ್ಟ್‌ವೇರ್ ಕೆಲಸಕ್ಕೆ ಒಂದು ವರ್ಷ ಸಂಬಳವಿಲ್ಲದ ರಜೆ ಹಾಕಿ, ಕಟ್ಟಡ ಕಾರ್ಮಿಕರ ಮಕ್ಕಳಿಗೆ ಸಂಜೆ ಪಾಠ ಹೇಳುವ ಸಣ್ಣ ಸಂಸ್ಥೆಯೊಂದಕ್ಕೆ ಸ್ವಯಂಸೇವಕಿಯಾಗಿ. ‘ಸೇವೆ ಮಾಡೋಕೆ ನಮ್ಮೂರಲ್ಲಿ ಜನ ಇರ್ಲಿಲ್ವಾ? ಪರದೇಶಕ್ಕೇ ಹೋಗ್ಬೇಕಿತ್ತಾ?’ ಎಂದು ಅಮ್ಮ ಫೋನಿನಲ್ಲಿ ಕೇಳಿದ್ದಕ್ಕೆ ಆಗಲೂ ಉತ್ತರವಿರಲಿಲ್ಲ, ಈಗಲೂ ಸರಿಯಾದದ್ದೊಂದು ಇಲ್ಲ. ಕನ್ನಡದಲ್ಲಿ ‘ಪರದೇಶಿ’ ಎಂದರೆ ದಿಕ್ಕಿಲ್ಲದವನು ಎಂದೂ ಅರ್ಥ. ಮೊದಲ ತಿಂಗಳು ಆ ಅರ್ಥವೇ ಹೆಚ್ಚು ಒಪ್ಪುತ್ತಿತ್ತು.

ಊಟಕ್ಕೆ ಹೊಂದಿಕೊಳ್ಳುವುದು ಕಷ್ಟವಾಗಲಿಲ್ಲ. ಗುಜರಾತಿ ದಾಲ್ ಸಿಹಿ ಎಂದು ಮೂಗು ಮುರಿಯುವವರು ನಮ್ಮ ಸಾಂಬಾರಿಗೂ ಬೆಲ್ಲ ಬೀಳುತ್ತದೆ ಎಂಬುದನ್ನು ಮರೆಯುತ್ತಾರೆ. ಖಾರ ಬೇಕೆನಿಸಿದ ದಿನ ಸೇವ್ ಉಸಳ್ ಇತ್ತು. ಕಷ್ಟವಾದದ್ದು ಮಾತು. ಗುಜರಾತಿ ಲಿಪಿಗೆ ದೇವನಾಗರಿಯ ಹಾಗೆ ತಲೆಗೆರೆ ಇಲ್ಲ. ಹಿಂದಿ ಓದುವ ಕಣ್ಣಿಗೆ ಅರ್ಧ ಪರಿಚಯದ ಅಕ್ಷರಗಳೆಲ್ಲ ಟೋಪಿ ತೆಗೆದು ನಿಂತ ಹಾಗೆ ಕಾಣುತ್ತವೆ. ಬೀಳ್ಕೊಡುವಾಗ ‘ಆವಜೋ’ ಎನ್ನುತ್ತಾರೆ, ‘ಬನ್ನಿ’ ಎಂದು. ‘ಹೋಗ್ತೀನಿ’ ಅನ್ನಬಾರದು, ‘ಹೋಗಿ ಬರ್ತೀನಿ’ ಅನ್ನಬೇಕು ಎಂದು ಕಲಿತು ಬೆಳೆದ ನಮಗೆ ಆ ಒಂದು ಪದ ಮಾತ್ರ ಕೂಡಲೇ ಹತ್ತಿತು.

ನಮ್ಮ ಕಡೆಯಿಂದ ಈ ಊರಿಗೆ ಮೇಷ್ಟ್ರಾಗಿ ಬಂದವರಲ್ಲಿ ದೊಡ್ಡ ಹೆಸರು ಕಾಕಾ ಕಾಲೇಲ್ಕರ್ ಅವರದು. ಕನ್ನಡಿಗರಿಗೆ ಅವರು ಹೆಚ್ಚಾಗಿ ಗೊತ್ತಿರುವುದು 1953ರ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ. ಮನೆಮಾತು ಮರಾಠಿ. ಬಾಲ್ಯದಲ್ಲಿ ಕಾರವಾರ, ಬೆಳಗಾವಿಗಳನ್ನು ಕಂಡವರು. ಬೆಳಗಾವಿಯಲ್ಲಿ ಶಾಲೆಯೊಂದನ್ನು ನಡೆಸಿ, 1910ರಲ್ಲಿ ಬರೋಡಾದ ಗಂಗನಾಥ ವಿದ್ಯಾಲಯ ಸೇರಿದರು. ಅಲ್ಲಿ ಶಿಕ್ಷಕರನ್ನು ಮಕ್ಕಳು ಮನೆಯವರಂತೆ ನೆಂಟಸ್ತಿಕೆಯ ಹೆಸರಿನಿಂದಲೇ ಕರೆಯುವ ಪದ್ಧತಿ. ಹಾಗೆ ಒಬ್ಬರು ಮಾಮಾ ಫಡ್ಕೆಯಾದರು, ದತ್ತಾತ್ರೇಯ ಬಾಲಕೃಷ್ಣ ಕಾಲೇಲ್ಕರ್ ಕಾಕಾ ಆದರು. ಆ ರಾಷ್ಟ್ರೀಯ ಶಾಲೆ ಬ್ರಿಟಿಷರ ಒತ್ತಡಕ್ಕೆ 1912ರ ಹೊತ್ತಿಗೆ ಮುಚ್ಚಿಹೋಯಿತು, ಹೆಸರು ಮಾತ್ರ ಉಳಿಯಿತು. ಮುಂದೆ ಅವರು ಗಾಂಧೀಜಿಯ ಆಶ್ರಮ ಸೇರಿ, ಕಲಿತ ಭಾಷೆಯಾದ ಗುಜರಾತಿಯಲ್ಲೇ ದೊಡ್ಡ ಲೇಖಕರಾದರು. ಗಾಂಧೀಜಿ ಅವರನ್ನು ‘ಸವಾಯಿ ಗುಜರಾತಿ’ ಎಂದರು. ಸವಾಯಿ ಎಂದರೆ ಒಂದೂಕಾಲು. ಗುಜರಾತಿಗಳಿಗಿಂತ ಕಾಲು ಪಾಲು ಹೆಚ್ಚೇ ಗುಜರಾತಿ!

ನಾನು ಕಾಲು ಪಾಲೂ ಆಗಲಿಲ್ಲ. ಆದರೆ ನನ್ನ ತರಗತಿಯಲ್ಲಿ ಗುಜರಾತಿ ಬಾರದವಳು ನಾನೊಬ್ಬಳೇ ಅಲ್ಲ ಎಂದು ತಿಳಿಯಲು ಎರಡು ವಾರ ಬೇಕಾಯಿತು. ಮಕ್ಕಳು ದಾಹೋದ್, ಪಂಚಮಹಲ್, ಗಡಿಯಾಚೆಯ ಝಾಬುವಾದಿಂದ ಬಂದ ಭೀಲ ಕುಟುಂಬಗಳವರು. ಅವರ ಮನೆಯ ಮಾತು ಭೀಲಿ. ಶಾಲೆಯ ಗುಜರಾತಿ ಅವರಿಗೂ ಹೊರಗಿನದೇ. ಮೂರನೇ ಕ್ಲಾಸಿನ ಒಬ್ಬ ಹುಡುಗಿಯ ಹೆಸರಿನ ಮುಂದೆ ‘ಕಲಿಕೆಯಲ್ಲಿ ಹಿಂದೆ’ ಎಂದು ಶಾಲೆಯಿಂದ ಬರೆದು ಬಂದಿತ್ತು. ಅವಳು ಹಿಂದೆ ಇರಲಿಲ್ಲ, ಬೇರೆ ಭಾಷೆಯಲ್ಲಿದ್ದಳು.

ಆಮೇಲೆ ಪಾಠದ ರೀತಿ ಬದಲಾಯಿತು. ಚಿತ್ರ ತೋರಿಸುವುದು, ಎಲ್ಲರೂ ತಮ್ಮ ತಮ್ಮ ಮನೆಯ ಪದ ಹೇಳುವುದು, ಕೊನೆಗೆ ಗುಜರಾತಿಯದನ್ನು ಎಲ್ಲರೂ ಸೇರಿ ಬರೆಯುವುದು. ತುಂಬ ಗಲಾಟೆಯಾದದ್ದು ಮೊಸಳೆಯ ಚಿತ್ರಕ್ಕೆ. ಊರ ನಡುವೆ ಹರಿಯುವ ವಿಶ್ವಾಮಿತ್ರಿ ನದಿಯಲ್ಲಿ ನೂರಾರು ಮೊಸಳೆಗಳಿವೆ. ಕಾಲಾಘೋಡಾ ಸೇತುವೆಯ ಮೇಲೆ ಸ್ಕೂಟರ್ ನಿಲ್ಲಿಸಿ ಜನ ಬಗ್ಗಿ ನೋಡುತ್ತಾರೆ. ಗುಜರಾತಿಯಲ್ಲಿ ಅದು ‘ಮಗರ್’. ನನ್ನ ‘ಮೊಸಳೆ’ ಕೇಳಿ ಆ ಹುಡುಗಿ ಬಿದ್ದು ಬಿದ್ದು ನಕ್ಕಳು. ನಗುವುದಕ್ಕಾದರೂ ನನ್ನ ಭಾಷೆ ಅವರಿಗೆ ಸಿಕ್ಕಿತಲ್ಲ. ‘ಅಕ್ಕ’ ಎನ್ನಿ ಎಂದು ಹೇಳಿಕೊಟ್ಟಿದ್ದೆ. ಬರೀ ಅಕ್ಕ ಎಂದರೆ ಮರ್ಯಾದೆ ಸಾಲದೆಂದು ಅವರು ‘ಅಕ್ಕಾಬೆನ್’ ಮಾಡಿಕೊಂಡರು.

ಆಗಸ್ಟ್ ಕೊನೆಯಲ್ಲಿ ಮಳೆ ಹಿಡಿಯಿತು. ವಿಶ್ವಾಮಿತ್ರಿ ಅಪಾಯದ ಮಟ್ಟವಾದ 25 ಅಡಿಯನ್ನು ಬಹಳ ಮೀರಿ ಏರಿತು. ಅರ್ಧ ಊರು ನೀರಿನಲ್ಲಿ ನಿಂತಿತು. ಬಡಾವಣೆಗಳೊಳಗೆ ಬಂದ ಮೊಸಳೆಗಳನ್ನು ಅರಣ್ಯ ಇಲಾಖೆಯವರೂ ಸ್ವಯಂಸೇವಕರೂ ಹಗ್ಗ ಹಾಕಿ ಹಿಡಿದು ಒಯ್ಯುತ್ತಿದ್ದರು. ನದಿ ಬದಿಯ ನಮ್ಮ ಮಕ್ಕಳ ಶೆಡ್‌ಗಳು ಉಳಿಯಲಿಲ್ಲ. ಎಲ್ಲರೂ ಅರ್ಧ ಕಟ್ಟಿದ ಕಟ್ಟಡವೊಂದರ ಎರಡನೇ ಮಹಡಿ ಹತ್ತಿ ಕೂತಿದ್ದರು. ನಮ್ಮ ಮನೆ ಓನರ್ ಮಾಸಿ, ನಾನು ಬಾಯಿಬಿಟ್ಟು ಕೇಳುವ ಮೊದಲೇ ಥೇಪ್ಲಾಕ್ಕೆ ಹಿಟ್ಟು ಕಲಸಲು ಕೂತರು. ಎರಡು ದಿನ ಒಲೆ ಆರಿಸಲಿಲ್ಲ. ಸೊಂಟನೋವಿನ ಹೆಂಗಸು.

ನೀರು ಇಳಿದ ಮೇಲೆ ನನ್ನ ಜತೆ ಬಂದ ಇಬ್ಬರು ಮಕ್ಕಳಿಗೆ ಅದೇ ಮಾಸಿ ನೀರಿನ ಲೋಟವನ್ನು ಕೈಗೆ ಕೊಡದೆ ಹೊಸ್ತಿಲ ಹೊರಗಿನ ಕಟ್ಟೆಯ ಮೇಲಿಟ್ಟರು. ಅದು ಅವರಿಗೆ ವಿಶೇಷವೆನಿಸಿರಲಾರದು. ಮಕ್ಕಳಿಗೂ ವಿಶೇಷವೆನಿಸಲಿಲ್ಲ, ಕುಡಿದು ಲೋಟ ತೊಳೆದಿಟ್ಟರು. ಆ ತೊಳೆದದ್ದನ್ನು ನೋಡಿದ ಮೇಲೆ ನನಗೆ ಆ ಮನೆಯಲ್ಲಿ ಮೊದಲಿನ ಹಾಗೆ ಇರಲಾಗಲಿಲ್ಲ. ಬಿಡಲೂ ಆಗಲಿಲ್ಲ. ಥೇಪ್ಲಾ ಮಾಡಿದ ಕೈಯೂ ಅದೇ ಅಲ್ಲವೇ?

ಫತೇಗಂಜ್‌ನಿಂದ ಸಯಾಜಿಬಾಗ್ ದೂರವಿಲ್ಲ. 1906ರಲ್ಲೇ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದ ಮೂರನೇ ಸಯಾಜಿರಾವ್ ಗಾಯಕವಾಡರ ಹೆಸರಿನ ತೋಟ. ಅವರ ವಿದ್ಯಾರ್ಥಿವೇತನದಿಂದ ಕೊಲಂಬಿಯಾದಲ್ಲಿ ಓದಿದ ಅಂಬೇಡ್ಕರ್, ಒಪ್ಪಂದದಂತೆ ಸಂಸ್ಥಾನದ ಕೆಲಸಕ್ಕೆ ಬಂದದ್ದು 1917ರಲ್ಲಿ, ಕಾಲೇಲ್ಕರ್ ಬಂದ ಏಳು ವರ್ಷಕ್ಕೆ. ಅವರಿಗೆ ಈ ಊರಿನಲ್ಲಿ ಉಳಿಯಲು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರವೊಂದರಲ್ಲಿ ಪಾರ್ಸಿ ಹೆಸರು ಹೇಳಿ ಇದ್ದರು. ಹನ್ನೊಂದನೆಯ ದಿನ ಕೋಲು ಹಿಡಿದ ಗುಂಪು ಬಂದು ಹೊರಡಿಸಿತು. ಆ ದಿನ ರೈಲಿನ ಹೊತ್ತಿನ ತನಕ ಅವರು ಕೂತದ್ದು ಈ ತೋಟದಲ್ಲಿ. ಆ ಮರದ ಜಾಗಕ್ಕೆ ಈಗ ಸಂಕಲ್ಪ ಭೂಮಿ ಎಂದು ಹೆಸರು. ಪ್ರತಿ ಸೆಪ್ಟೆಂಬರ್ 23ರಂದು ಜನ ಸೇರುತ್ತಾರೆ. ಆ ವರ್ಷ ನಮ್ಮ ಮಕ್ಕಳನ್ನೂ ಕರೆದುಕೊಂಡು ಹೋದೆವು. ಮರದ ಕೆಳಗೆ ಕೂರಿಸಿ ಈ ಕಥೆ ಹೇಳಿದಾಗ ಆ ಹುಡುಗಿ ಕೇಳಿದ್ದು ಒಂದೇ: ‘ಅಷ್ಟು ಓದಿದ್ದರೂನಾ?’ ನನ್ನ ಗುಜರಾತಿ ಅಲ್ಲಿಗೆ ಸಾಲಲಿಲ್ಲ. ಸಾಲಿದ್ದರೂ ಏನು ಹೇಳುತ್ತಿದ್ದೆನೋ.

ಮಾರ್ಚ್‌ನಲ್ಲಿ ಹೋಳಿ ಬಂತು. ದಾಹೋದ್ ಕಡೆಯವರು ಹೋಳಿಗೆ ಊರಿಗೆ ಹೋಗದೆ ಇರುವುದಿಲ್ಲ. ಹಬ್ಬ ಮುಗಿದ ಮೇಲೆ ಯಾವ ಊರಿನಲ್ಲಿ ಕೆಲಸ ಸಿಗುತ್ತದೋ ಅಲ್ಲಿಗೆ. ಹುಡುಗಿ ‘ಆವಜೋ ಅಕ್ಕಾಬೆನ್’ ಎಂದು ಲಾರಿ ಹತ್ತಿದಳು. ನಮ್ಮ ತರಗತಿಗೆ ಹಿಂತಿರುಗಲಿಲ್ಲ. ಅವರಪ್ಪನಿಗೆ ಸೂರತ್‌ನಲ್ಲಿ ಕೆಲಸ ಸಿಕ್ಕಿತಂತೆ.

ಅವಳ ಪುಸ್ತಕ ಕಪಾಟಿನಲ್ಲೇ ಉಳಿಯಿತು. ಒಂದು ಪುಟದಲ್ಲಿ ಬಾಲ ಉದ್ದವಾದ ಮೊಸಳೆಯ ಚಿತ್ರ, ಕೆಳಗೆ ಮೂರು ಪದ. ಮೊದಲು ಅವಳ ಮನೆಯದು, ಆಮೇಲೆ ಮಗರ್, ಆಮೇಲೆ ನನ್ನದು. ಎಲ್ಲವೂ ಗುಜರಾತಿ ಅಕ್ಷರದಲ್ಲಿ. ಆ ಲಿಪಿಯಲ್ಲಿ ಹ್ರಸ್ವ ಎ, ಒ ಇಲ್ಲವಾದ್ದರಿಂದ ಓದಿದರೆ ‘ಮೋಸಳೇ’ ಎಂದಾಗುತ್ತದೆ.