ಕೈ ಜೋಡಿಸುವುದೋ, ಬೊಗಸೆ ಒಡ್ಡುವುದೋ

ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಎರಡು ಪ್ರಾರ್ಥನೆ ನಡೆಯುತ್ತಿತ್ತು. ಅಬ್ಬಾ ಮೆಲ್ಲಗೆ 'ಬಿಸ್ಮಿಲ್ಲಾ' ಎಂದು ತುತ್ತು ಎತ್ತುತ್ತಿದ್ದರು. ಅಮ್ಮ ಹಣೆ, ಎದೆ, ಭುಜಗಳನ್ನು ಮುಟ್ಟಿ ಶಿಲುಬೆಯ ಗುರುತು ಹಾಕಿ ಕೈ ಜೋಡಿಸುತ್ತಿದ್ದಳು. ನಡುವೆ ಕೂತ ನಾನು ಯಾರಿಗೂ ಬೇಸರವಾಗಬಾರದೆಂದು ಎರಡನ್ನೂ ಮಾಡಿ ಮುಗಿಸುವಷ್ಟರಲ್ಲಿ ಸಾರು ಆರಿಹೋಗುತ್ತಿತ್ತು. ಆಗ ಅದು ಆಟ. ಐವತ್ತು ದಾಟಿದ ಮೇಲೂ ಆ ಆಟ ಮುಗಿಯುವುದಿಲ್ಲವೆಂದು ಯಾರಿಗೆ ಗೊತ್ತಿತ್ತು?

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. 1923ರಲ್ಲಿ ಕೆಲಸ ಶುರುಮಾಡಿದ ಕಬ್ಬಿಣದ ಕಾರ್ಖಾನೆ ಆ ಊರಿಗೆ ಎಲ್ಲೆಲ್ಲಿಯ ಜನರನ್ನೋ ತಂದು ಸೇರಿಸಿತ್ತು. ಅಬ್ಬಾ ಕಾರ್ಖಾನೆಯಲ್ಲಿ ಫಿಟ್ಟರ್, ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಸುಟ್ಟ ಕೈಗೆ ಪಟ್ಟಿ ಕಟ್ಟಿಸಿಕೊಳ್ಳಲು ಹೋದವರು ಗಾಯ ಮಾಯ್ದ ಮೇಲೂ ಹೋಗುತ್ತಿದ್ದರಂತೆ. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ 1966ರಲ್ಲಿ ಇಬ್ಬರೂ ರಿಜಿಸ್ಟರ್ ಮದುವೆಯಾದರು. ಯಾರೂ ತಮ್ಮ ಮತ ಬಿಡಲಿಲ್ಲ. ಕ್ರೈಸ್ತರ, ಯಹೂದಿಗಳ ಹೆಣ್ಣನ್ನು ಮುಸ್ಲಿಂ ಗಂಡಸು ಮದುವೆಯಾಗಲು ಕುರಾನಿನಲ್ಲೇ ಅನುಮತಿಯಿದೆ ಎಂದು ಬಡೇ ಅಬ್ಬಾ ತಮ್ಮನ ಪರವಾಗಿ ವಾದಿಸಿದರಂತೆ. ಅಮ್ಮನಿಗೆ ಮಾತ್ರ ತವರಿನ ಬಾಗಿಲು ನಾನು ಹುಟ್ಟುವವರೆಗೂ ತೆರೆಯಲಿಲ್ಲ. ಮಗುವಿನ ಮುಖ ನೋಡಿ ಅಜ್ಜಿ ಕರಗಿದಳು.

ನನಗೆ ಜ್ಞಾನಸ್ನಾನ ಮಾಡಿಸಲಿಲ್ಲ. "ದೊಡ್ಡವಳಾದ ಮೇಲೆ ಅವಳೇ ಹೇಳಲಿ" ಎಂದು ಇಬ್ಬರೂ ಒಪ್ಪಿಕೊಂಡಿದ್ದರು. ಅವರಿಗೆ ಅದು ಉದಾರತೆ. ನನಗೆ ಅದು ಎಷ್ಟು ಭಾರವಾಯಿತೆಂದು ಅವರಿಗೆ ಕೊನೆಗೂ ಹೇಳಲಿಲ್ಲ.

ಎರಡೂ ಕಡೆ ನನ್ನ ಮನಸ್ಸು ಎಳೆಯುತ್ತಿತ್ತು. ಅಮ್ಮನ ಜಪಸರದ ಮಣಿಗಳು ರಾತ್ರಿ ಟಿಕ್ ಟಿಕ್ ಎನ್ನುವಾಗ ಬರುವ ನಿದ್ದೆಯಂಥ ನಿದ್ದೆ ಮತ್ತೆಲ್ಲೂ ಬರಲಿಲ್ಲ. ಅಬ್ಬಾ ವುಜೂ ಮಾಡಿ, ಒದ್ದೆ ಮೊಣಕೈಯಲ್ಲೇ ಚಾಪೆ ಹಾಸಿ ಸಜ್ದಾಕ್ಕೆ ಬಾಗಿದಾಗ, ಮನೆಯ ಯಜಮಾನನೇ ಇಷ್ಟು ಸಣ್ಣವನಾಗಬಲ್ಲನಲ್ಲಾ ಎಂದು ಬೆರಗಾಗುತ್ತಿತ್ತು. ಅವರ ತಸ್ಬೀಹ್ ಅಮ್ಮನ ಜಪಸರದ ಪಕ್ಕದಲ್ಲೇ ಒಂದೇ ಮೊಳೆಗೆ ನೇತಾಡುತ್ತಿತ್ತು. ಕುರಾನಿನಲ್ಲಿ ಹೆಸರು ಹಿಡಿದು ಹೇಳಿರುವ ಹೆಂಗಸು ಒಬ್ಬಳೇ, ಅವಳೇ ಮರಿಯಂ. ಹತ್ತೊಂಬತ್ತನೆಯ ಅಧ್ಯಾಯಕ್ಕೆ ಅವಳದೇ ಹೆಸರು. ಇದನ್ನು ಅಬ್ಬಾ ಹೇಳಿದ ದಿನ ಅಮ್ಮನ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

"ದೇವನೊಬ್ಬ, ನಾಮ ಹಲವು. ಇದಕ್ಕೇಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ ಮೇಡಂ?" ಎಂದು ಸ್ಟಾಫ್ ರೂಮಿನಲ್ಲಿ ಗೆಳತಿಯರು ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಇಲ್ಲಿರುವುದು ಬರೀ ಹೆಸರಿನ ವ್ಯತ್ಯಾಸವಲ್ಲ. ಅಮ್ಮನಿಗೆ ಯೇಸು ದೇವರ ಮಗ, ತನಗಾಗಿ ಶಿಲುಬೆಯ ಮೇಲೆ ಪ್ರಾಣ ಬಿಟ್ಟವನು. ಅಬ್ಬಾನಿಗೆ ಈಸಾ ಬಹು ದೊಡ್ಡ ಪ್ರವಾದಿ, ಆದರೆ ದೇವರಿಗೆ ಮಕ್ಕಳಿಲ್ಲ, ಈಸಾ ಶಿಲುಬೆಯಲ್ಲಿ ಸಾಯಲಿಲ್ಲ. ಯೇಸು ಕಲಿಸಿದ ಪ್ರಾರ್ಥನೆ ದೇವರನ್ನು ತಂದೆಯೆಂದು ಕರೆದೇ ಶುರುವಾಗುತ್ತದೆ. ಆ ಮೊದಲ ಮಾತಿಗೇ ನನ್ನ ನಾಲಿಗೆ ತಡೆಯುತ್ತಿತ್ತು. ಅದನ್ನಂದರೆ ಅಬ್ಬಾನಿಗೆ ದ್ರೋಹ, ಬಿಟ್ಟರೆ ಅಮ್ಮನಿಗೆ. ಎರಡೂ ಒಂದೇ ಎಂದರೆ ಇಬ್ಬರಿಗೂ ಸುಳ್ಳು ಹೇಳಿದಂತೆ.

2009ರಲ್ಲಿ ಅಬ್ಬಾನಿಗೆ ಹೃದಯಾಘಾತವಾಯಿತು. ಶಿವಮೊಗ್ಗದ ಆಸ್ಪತ್ರೆಯ ವರಾಂಡದಲ್ಲಿ ಅಮ್ಮ ಜಪಸರ ಹಿಡಿದು ಕೂತಿದ್ದಳು. ನನ್ನ ಬಾಯಿಗೆ ಒಂದು ಪ್ರಾರ್ಥನೆಯೂ ಬರಲಿಲ್ಲ. ಮಕ್ಕಳಿಗೆ ಪಾಠ ಹೇಳುವ ಈ ಬಾಯಿ ಅಪ್ಪನ ಪ್ರಾಣಕ್ಕಾಗಿ ಎರಡು ಮಾತು ಬೇಡಲಾರದೆ ಒಣಗಿತ್ತು. ಮೂರನೆಯ ದಿನ ಡಾಕ್ಟರು ಒಳಗೆ ಕರೆದರು. ಅಮ್ಮ ನರ್ಸಲ್ಲವೇ, ಅವಳಿಗೆ ಎಲ್ಲ ತಿಳಿದಿತ್ತು. ಜಪಸರವನ್ನು ಸೆರಗಿನ ತುದಿಗೆ ಗಂಟುಹಾಕಿ ಹೇಳಿದಳು: "ನನ್ನದು ನಾನು ಹೇಳಿಕೊಳ್ಳುತ್ತೇನೆ. ನೀನು ಅವರದ್ದನ್ನು ಹೇಳು. ಅವರ ಕಿವಿಗೆ ಅವರದ್ದೇ ಬೀಳಲಿ."

ಚಿಕ್ಕಂದಿನಲ್ಲಿ ಅಬ್ಬಾ ಕಲಿಸಿದ್ದ ಸೂರೆ ಫಾತಿಹಾವನ್ನು ಅವರ ಕಿವಿಯ ಹತ್ತಿರ ಹೇಳಿದೆ. ತುಟಿ ಅಲುಗಿತು. ಏಳು ವರ್ಷದ ಮೇಲೆ ಅಮ್ಮ ಹಾಸಿಗೆ ಹಿಡಿದಾಗ ದಿನವೂ ಅವಳ ಬೆರಳಿನಲ್ಲಿ ಮಣಿ ಸರಿಸುತ್ತ ಜಪಸರ ಹೇಳಿದೆ. ಎರಡರಲ್ಲೂ ನನಗೆ ಸುಳ್ಳಿನ ಭಾವ ಬರಲಿಲ್ಲ. ಇನ್ನೊಬ್ಬರಿಗಾಗಿ ಹೇಳುವಾಗ ಅವರ ಭಾಷೆಯಲ್ಲಿ ಹೇಳುವುದು ಪ್ರೀತಿ. ಕಷ್ಟವಿರುವುದು ನಮಗಾಗಿ ಹೇಳಿಕೊಳ್ಳುವಾಗ.

ಇಬ್ಬರೂ ಹೋದ ಮೇಲೆ ಮನೆ ಖಾಲಿಯಾಯಿತು. ಮೊಳೆಯ ಮೇಲೆ ಎರಡು ಮಾಲೆ ಹಾಗೇ ಉಳಿದವು. ಒಂದು ದಿನ ಅಮ್ಮನನ್ನು ಬಲ್ಲ ವಯಸ್ಸಾದ ಗುರುಗಳಲ್ಲಿ ಹೇಳಿಕೊಂಡೆ. "ನಂಬದ ಮಾತನ್ನು ದೇವರ ಎದುರು ಆಡಬೇಡ ಮಗಳೇ. ನಿಜವಾದದ್ದು ಎಷ್ಟಿದೆಯೋ ಅಷ್ಟೇ ಹೇಳು" ಎಂದರು. ಅಬ್ಬಾನ ಗೆಳೆಯರಾಗಿದ್ದ ಮೌಲ್ವಿ ಸಾಹೇಬರು, "ನಮಾಜಿಗೆ ಅದರದೇ ಕ್ರಮವಿದೆ, ಅರಬ್ಬಿಯಿದೆ. ದುವಾಕ್ಕೆ ಯಾವ ಭಾಷೆಯಾದರೂ ಆದೀತು ಬೇಟಿ, ಕನ್ನಡದಲ್ಲೇ ಕೇಳು" ಎಂದರು. ಇಬ್ಬರೂ ನನ್ನನ್ನು ತಮ್ಮ ಕಡೆಗೆ ಎಳೆಯಲಿಲ್ಲ. ಅದಕ್ಕೆ ನಾನು ಋಣಿ.

ಆಮೇಲೆ ಆ ಎರಡು ಪ್ರಾರ್ಥನೆಗಳನ್ನು, ಪಾಠ ಓದಿದ ಹಾಗೆ, ನಿಧಾನವಾಗಿ ಓದಿದೆ. ಫಾತಿಹಾ ಕೇಳುವುದು ನೇರವಾದ ದಾರಿ ತೋರಿಸೆಂದು. ಗೆತ್ಸೆಮನೆಯ ತೋಟದಲ್ಲಿ, ಹಿಡಿದುಕೊಂಡು ಹೋಗುವ ಹಿಂದಿನ ಗಳಿಗೆಯಲ್ಲಿ, ಯೇಸು ಬೇಡಿಕೊಂಡದ್ದು ಈ ಕಷ್ಟ ತಪ್ಪಲಿ, ಆದರೂ ನಿನ್ನ ಇಷ್ಟದಂತೆಯೇ ಆಗಲಿ ಎಂದು. ಎರಡರಲ್ಲೂ ಬೇಡುವವರು ತಮಗೆಲ್ಲ ತಿಳಿದಿದೆ ಎಂದು ಬಂದವರಲ್ಲ. ಮೊದಲು ತೀರ್ಮಾನ, ಆಮೇಲೆ ಪ್ರಾರ್ಥನೆ ಎಂದುಕೊಂಡು ನಾನು ಇಷ್ಟು ವರ್ಷ ಬಾಗಿಲ ಹೊರಗೇ ನಿಂತಿದ್ದೆ. ತೀರ್ಮಾನವಾಗದ ಈ ಸಂಕಟವನ್ನೇ ಒಳಗೆ ತೆಗೆದುಕೊಂಡು ಹೋಗಬಹುದಿತ್ತು.

ಎರಡನ್ನೂ ಕಲಸಿ ನಾನು ಹೊಸ ಪೂಜೆಯೊಂದನ್ನು ಮಾಡಿಕೊಂಡಿಲ್ಲ. ಚರ್ಚಿಗೆ ಹೋದರೆ ಕೊನೆಯ ಬೆಂಚಿನಲ್ಲಿ ಕೂರುತ್ತೇನೆ. ಪರಮಪ್ರಸಾದಕ್ಕೆ ಸಾಲು ಎದ್ದಾಗ ಏಳುವುದಿಲ್ಲ. ಅದು ದೀಕ್ಷೆ ಪಡೆದವರದು. ನವೆಂಬರ್ 2ರಂದು, ಸತ್ತವರ ಸ್ಮರಣೆಯ ದಿನ, ಅಮ್ಮನ ಸಮಾಧಿಗೆ ಮೇಣದಬತ್ತಿ, ಸೇವಂತಿಗೆ ಹೂವು. ಶಬೇ ಬರಾತಿನ ರಾತ್ರಿ ಖಬರಸ್ತಾನದ ಗೇಟಿನ ಹೊರಗೆ ನಿಲ್ಲುತ್ತೇನೆ. ಬಡೇ ಅಬ್ಬಾನ ಮಗ ಒಳಗೆ ಹೋಗಿ ಬರುತ್ತಾನೆ. ಅಲ್ಲಿ ಕೈ ಜೋಡಿಸುತ್ತೇನೆ, ಇಲ್ಲಿ ಬೊಗಸೆ ಒಡ್ಡುತ್ತೇನೆ. ಅವರವರ ಮನೆಯಲ್ಲಿ ಅವರವರ ರೀತಿ.

ನನ್ನದು ಅಡುಗೆಮನೆಯಲ್ಲಿ. ಸಂಜೆ ಶಾಲೆಯಿಂದ ಬಂದು ಅನ್ನಕ್ಕಿಡುವ ಹೊತ್ತಿಗೆ ಮಗ್ರಿಬಿನ ಅಜಾನ್ ಕೇಳಿಸುತ್ತದೆ. ಒಲೆ ಸಣ್ಣ ಮಾಡಿ, ಕೈ ತೊಳೆದು, ಕಿಟಕಿಯ ಹತ್ತಿರ ನಿಲ್ಲುತ್ತೇನೆ. "ನಿನ್ನನ್ನು ಏನೆಂದು ಕರೆಯಬೇಕೋ ನನಗೆ ತಿಳಿದಿಲ್ಲ. ನನ್ನನ್ನು ಸಾಕಿದ ಇಬ್ಬರೂ ನಿನ್ನನ್ನೇ ನಂಬಿ ಬದುಕಿದರು. ನನಗೂ ದಾರಿ ತೋರಿಸು. ತೋರಿಸುವವರೆಗೆ ನಾನು ಸುಳ್ಳಾಡದಂತೆ ನೋಡಿಕೋ." ಇಷ್ಟೇ. ಉತ್ತರ ಬಂತೇ ಎಂದು ಕೇಳಬೇಡಿ, ಬಂದಿಲ್ಲ. ಆದರೆ ಆಸ್ಪತ್ರೆಯ ವರಾಂಡದಲ್ಲಿ ಒಣಗಿದ್ದ ನಾಲಿಗೆ ಈಗ ಒಣಗುವುದಿಲ್ಲ.

ಮೊನ್ನೆ ಮಗಳು ಬಂದಿದ್ದಾಗ ಹಿಂದೆ ನಿಂತು ನೋಡಿದಳಂತೆ. "ಅಮ್ಮಾ, ಕೈ ಜೋಡಿಸಿದ್ದೆಯೋ, ಬೊಗಸೆ ಹಿಡಿದಿದ್ದೆಯೋ, ಕತ್ತಲಲ್ಲಿ ಕಾಣಲಿಲ್ಲ" ಎಂದಳು. ನನಗೂ ನೆನಪಿರಲಿಲ್ಲ. ಅಷ್ಟರಲ್ಲಿ ಕುಕ್ಕರ್ ಕೂಗಿತು. ಇಬ್ಬರೂ ಊಟಕ್ಕೆ ಎದ್ದೆವು.